ಝಡ್80 ಯಂತ್ರವನ್ನು ಅಂತರ್ಜಾಲಕ್ಕೆ ಜೋಡಿಸಿದ ನನ್ನ ಅನುಭವ

ಒಂದು ಝಡ್80 ಪ್ರೊಸೆಸರ್, 32 ಕಿಲೋಬೈಟ್ ರ‍್ಯಾಮ್, ವಿದ್ಯುತ್ ಹೋದರೂ ಅಳಿಯದ 8 ಕಿಲೋಬೈಟ್ ಇಇಪ್ರಾಮ್ ಸ್ಮೃತಿ, ಬೈಟುಗಳನ್ನು ಒಂದೊಂದೇ ಬಿಟ್ಟಾಗಿ ತಂತಿಯಲ್ಲಿ ಕಳಿಸಿ ಪಡೆಯುವ ಎರಡು 68ಬಿ50 ಸೀರಿಯಲ್ ಚಿಪ್‌ಗಳು: ನಾನು ಮನೆಯಲ್ಲಿ ಕಟ್ಟಿದ ಕಂಪ್ಯೂಟರಿನಲ್ಲಿ ಮುಖ್ಯವಾಗಿ ಇರುವುದು ಇಷ್ಟೇ. ಝೈಲಾಗ್ ಕಂಪನಿ 1976ರಲ್ಲಿ ಹೊರತಂದ ಈ ಪ್ರೊಸೆಸರಿನ ಬಿಡಿ ಚಿಪ್‌ಗಳ ತಯಾರಿಕೆಯನ್ನು ನಿಲ್ಲಿಸುವುದಾಗಿ 2024ರಲ್ಲಿ ಪ್ರಕಟಿಸಲಾಯಿತು. ಅಂಥ ಚಿಪ್ಪಿನಿಂದ ಇಂದಿನ ಅಂತರ್ಜಾಲವನ್ನು ಮುಟ್ಟಬೇಕೆಂಬ ಹಂಬಲ ನನ್ನಲ್ಲಿ ಬಹುಕಾಲದಿಂದ ಇತ್ತು. ವೈಫೈ ಮಾಡ್ಯೂಲ್ ಒಂದನ್ನು ಬೆಸೆದರೆ ಕೆಲಸ ಮುಗಿಯಿತೆಂದು ಹಲವರು ತಿಳಿಯುತ್ತಾರೆ. ಆದರೆ ಬೈಟುಗಳು ಬಂದು ಬೀಳುವ ವೇಗಕ್ಕೂ ಯಂತ್ರ ಅವುಗಳನ್ನು ವಿಲೇವಾರಿ ಮಾಡುವ ವೇಗಕ್ಕೂ ಹೊಂದಾಣಿಕೆ ತರುವುದರಲ್ಲಿಯೇ ಇದರ ನಿಜವಾದ ಕಷ್ಟವಿದೆ, ಸೊಗಸೂ ಇದೆ.

ತಂತಿಯ ಕೆಲಸ ಹೆಚ್ಚಿಲ್ಲ. ಒಂದು ಸೀರಿಯಲ್ ಚಿಪ್ ಟರ್ಮಿನಲ್ ಆಗಿ ಬಳಸುವ ಲ್ಯಾಪ್‌ಟಾಪಿಗೆ, ಇನ್ನೊಂದು ಇಎಸ್‌ಪಿ8266 ವೈಫೈ ಮಾಡ್ಯೂಲಿಗೆ. ಮಾಡ್ಯೂಲ್ ನಡೆಯುವುದು 3.3 ವೋಲ್ಟಿನಲ್ಲಾದ್ದರಿಂದ, ಯಂತ್ರದಿಂದ ಹೋಗುವ 5 ವೋಲ್ಟಿನ ಸಂಕೇತವನ್ನು 1 ಮತ್ತು 2 ಕಿಲೋಓಮ್ ರೆಸಿಸ್ಟರುಗಳಿಂದ ಇಳಿಸಿದೆ. ಮಾಡ್ಯೂಲಿನಿಂದ ಬರುವ ಸಂಕೇತವನ್ನು ನೇರವಾಗಿಯೇ ಕೊಡಬಹುದು, ಏಕೆಂದರೆ 68ಬಿ50 ಚಿಪ್ 2 ವೋಲ್ಟಿಗಿಂತ ಮೇಲಿನದನ್ನೆಲ್ಲ 1 ಎಂದೇ ಓದುತ್ತದೆ. ವೈಫೈ ಪ್ರಸಾರದ ಕ್ಷಣಗಳಲ್ಲಿ ಮಾಡ್ಯೂಲ್ ಒಮ್ಮೆಲೇ ಹೆಚ್ಚು ಕರೆಂಟ್ ಎಳೆಯುವುದರಿಂದ ಅದಕ್ಕೆ ಪ್ರತ್ಯೇಕ ರೆಗ್ಯುಲೇಟರ್, ಪಕ್ಕದಲ್ಲಿಯೇ ಒಂದು ದೊಡ್ಡ ಕೆಪಾಸಿಟರ್ ಇರಲೇಬೇಕು.

ಇನ್ನು ವೇಗದ ಲೆಕ್ಕ. ನನ್ನ ಯಂತ್ರದ ಗಡಿಯಾರ 7.3728 ಮೆಗಾಹರ್ಟ್ಸ್; ಅದನ್ನು 64ರಿಂದ ಭಾಗಿಸಿದರೆ ಸರಿಯಾಗಿ 115200 ಬಾಡ್, ಅಂದರೆ ಸೆಕೆಂಡಿಗೆ ಅಷ್ಟು ಬಿಟ್‌ಗಳ ವೇಗ, ಸಿಗುತ್ತದೆ. ಆರಂಭದ ಮತ್ತು ಕೊನೆಯ ಬಿಟ್‌ಗಳೂ ಸೇರಿ ಪ್ರತಿ ಬೈಟಿಗೆ 10 ಬಿಟ್‌ಗಳು ಬೇಕಾದ್ದರಿಂದ, ಒಂದು ಬೈಟಿಗೂ ಮುಂದಿನ ಬೈಟಿಗೂ ನಡುವೆ ಪ್ರೊಸೆಸರಿಗೆ ದೊರೆಯುವುದು 640 ಗಡಿಯಾರ ಬಡಿತಗಳು ಮಾತ್ರ. ಝಡ್80ಯ ಒಂದೊಂದು ಆದೇಶಕ್ಕೂ 4ರಿಂದ 23 ಬಡಿತಗಳು ಬೇಕು. ಬೈಟನ್ನು ಓದಿ, ಪರೀಕ್ಷಿಸಿ, ಅಷ್ಟೇ ವೇಗದ ಇನ್ನೊಂದು ತಂತಿಯ ಮೂಲಕ ತೆರೆಗೆ ಕಳಿಸುವಷ್ಟರಲ್ಲಿ ಬಿಡುವೇ ಉಳಿಯುವುದಿಲ್ಲ. ತುಸು ಹಿಂದೆ ಬಿದ್ದರೂ ಅಕ್ಷರಗಳು ಕಳೆದುಹೋಗುತ್ತವೆ.

ಆದ್ದರಿಂದ ಇಂಟರಪ್ಟ್ (ಬೈಟ್ ಬಂದಿದೆ ಎಂದು ಚಿಪ್ ಪ್ರೊಸೆಸರಿಗೆ ಕೊಡುವ ಸೂಚನೆ) ಬಂದಾಗ ಬೈಟನ್ನು 256 ಬೈಟುಗಳ ಒಂದು ಬಫರಿಗೆ, ಅಂದರೆ ತಾತ್ಕಾಲಿಕ ಸಂಗ್ರಹಕ್ಕೆ, ತುಂಬುವ ಪುಟ್ಟ ರೂಟೀನ್ ಬರೆದೆ. ಬಫರ್ ಸರಿಯಾಗಿ ಸ್ಮೃತಿಯ ಒಂದು ಪುಟದ (256 ಬೈಟುಗಳ ಖಂಡದ) ಗಡಿಯಿಂದ ಆರಂಭವಾದರೆ ವಿಳಾಸದ ಕೆಳಗಿನ ಎಂಟು ಬಿಟ್‌ಗಳು ತಾವಾಗಿಯೇ 255ರ ನಂತರ ಸೊನ್ನೆಗೆ ಮರಳುತ್ತವೆ, ಸುತ್ತು ಮುಗಿಯಿತೇ ಎಂದು ನೋಡುವ ಆದೇಶಗಳೇ ಬೇಕಾಗುವುದಿಲ್ಲ. ಆದರೂ ದೊಡ್ಡ ಜಾಲಪುಟವೊಂದು ಬಂದರೆ ಈ ಬಫರ್ ಏತಕ್ಕೂ ಸಾಲದು. ಇಎಸ್‌ಪಿ8266ರ ಎಟಿ ಫರ್ಮ್‌ವೇರಿನ (ಸರಳ ಪಠ್ಯದ ಆದೇಶಗಳಿಂದ ಮಾಡ್ಯೂಲನ್ನು ನಡೆಸುವ ಒಳತಂತ್ರಾಂಶದ) ಹೊಸ ಆವೃತ್ತಿಗಳಲ್ಲಿ, ಬಂದ ದತ್ತಾಂಶವನ್ನು ಮಾಡ್ಯೂಲ್ ತನ್ನಲ್ಲೇ ಇರಿಸಿಕೊಂಡು, ಕೇಳಿದಾಗ ಕೇಳಿದಷ್ಟನ್ನೇ ಕೊಡುವ ವ್ಯವಸ್ಥೆಯಿದೆ. ನಾನು ಒಮ್ಮೆಗೆ 128 ಬೈಟುಗಳನ್ನು ಕೇಳುತ್ತೇನೆ. ಮಾಡ್ಯೂಲಿನ ಬಫರ್ ತುಂಬಿದರೆ ಅದು ಸರ್ವರಿನಿಂದ ದತ್ತಾಂಶ ತರುವ ಟಿಸಿಪಿ ಸಂಪರ್ಕವನ್ನೇ ತಡೆದು ನಿಲ್ಲಿಸುತ್ತದೆ. ಎಲ್ಲೋ ದೂರದ ಸರ್ವರ್ ನನ್ನ ಮೇಜಿನ ಮೇಲಿನ ಯಂತ್ರಕ್ಕಾಗಿ ಕಾಯುತ್ತದೆ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಇದೇ.

ಮೊದಲ ಪರೀಕ್ಷೆಗೆ ಎಕ್ಸಾಂಪಲ್ ಡಾಟ್ ಕಾಮ್ ತಾಣವನ್ನು ಆರಿಸಿಕೊಂಡೆ. ಜಾಲಪುಟ ಕೇಳುವ ನಿಯಮಾವಳಿಯಾದ ಎಚ್‌ಟಿಟಿಪಿ 1.0ರ ಕೋರಿಕೆ ಒಟ್ಟು 37 ಬೈಟುಗಳಾಗುತ್ತದೆ. 1.0 ಆವೃತ್ತಿಯಲ್ಲಿ ಉತ್ತರ ತುಂಡುತುಂಡಾದ ರೂಪದಲ್ಲಿ ಬರುವುದಿಲ್ಲ, ಮುಗಿದ ಮೇಲೆ ಸರ್ವರ್ ತಾನೇ ಸಂಪರ್ಕ ಕಡಿಯುತ್ತದೆ. ಚಿಕ್ಕ ಯಂತ್ರಕ್ಕೆ ಅದೇ ಅನುಕೂಲ. ಆದರೆ ಇಂದಿನ ಬಹುತೇಕ ತಾಣಗಳು ಗೂಢಲಿಪಿಯ ಸಂಪರ್ಕವನ್ನೇ ಬಯಸುತ್ತವೆ. ಗುಣಾಕಾರದ ಆದೇಶವೇ ಇಲ್ಲದ ಝಡ್80ಗೆ ಆ ಗಣಿತ ವಿಪರೀತ ಭಾರ. ಹಾಗಾಗಿ ಮನೆಯ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ, ಪುಟವನ್ನು ತಂದು ಪಠ್ಯವನ್ನಷ್ಟೇ ಉಳಿಸಿ ಸರಳ ಎಚ್‌ಟಿಟಿಪಿಯಲ್ಲಿ ಕೊಡುವ ಚಿಕ್ಕ ಪೈಥಾನ್ ಪ್ರೋಗ್ರಾಂ ಇರಿಸಿದ್ದೇನೆ. ಇದನ್ನು ಅಡ್ಡದಾರಿ ಎನ್ನುವವರಿದ್ದಾರೆ. ನಾನು ಹಾಗೆ ಭಾವಿಸುವುದಿಲ್ಲ, ಏಕೆಂದರೆ ಕೋರಿಕೆ ಹೊರಡುವುದೂ ಪಠ್ಯ ಬಂದು ಸೇರುವುದೂ ನನ್ನ ಯಂತ್ರದಲ್ಲಿಯೇ.

ಆ ದಾರಿಯಿಂದ ಕನ್ನಡ ವಿಕಿಪೀಡಿಯದ ಪುಟವನ್ನು ತರಿಸಿದಾಗ, 'ಕ' ಇರಬೇಕಾದಲ್ಲೆಲ್ಲ ಒಂದು ಓರೆ ಗೀರು ಮತ್ತು 2 ಎಂಬ ಅಂಕೆ ಕಂಡವು. ಎಲ್ಲ ಲಿಪಿಗಳ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ 'ಕ' ಎಂದರೆ, ಹದಿನಾರರ ಮೂಲದ ಅಂಕಿಗಳಲ್ಲಿ, ಇ0, ಬಿ2, 95 ಎಂಬ ಮೂರು ಬೈಟುಗಳು. ಅಕ್ಷರಕ್ಕೆ ಏಳೇ ಬಿಟ್‌ಗಳಿದ್ದ ಆಸ್ಕಿ ಕಾಲದ ವಾಡಿಕೆಯಂತೆ, ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಂ ಆದ ಮಾನಿಟರ್ ಪ್ರತಿ ಬೈಟಿನ ಮೇಲ್ತುದಿಯ ಬಿಟ್ಟನ್ನು ಅಳಿಸುತ್ತಿತ್ತಾದ್ದರಿಂದ ಅವು 60, 32, 15 (ಆಸ್ಕಿಯಲ್ಲಿ ಓರೆ ಗೀರು, 2 ಮತ್ತು ತೆರೆಯಲ್ಲಿ ಕಾಣದ ಒಂದು ಸಂಕೇತ) ಆಗಿದ್ದವು. ಆ ಒಂದು ಆದೇಶವನ್ನು ತೆಗೆದೊಡನೆ ಲ್ಯಾಪ್‌ಟಾಪಿನ ಟರ್ಮಿನಲ್ಲಿನಲ್ಲಿ ಕನ್ನಡ ಮೂಡಿತು. 128ರ ಗಡಿಯಲ್ಲಿ ಒಂದು ಅಕ್ಷರದ ಬೈಟುಗಳು ಎರಡು ಕಂತುಗಳಿಗೆ ಹಂಚಿಹೋದರೂ, ಕ್ರಮ ತಪ್ಪದೆ ಮುಂದೆ ಸಾಗುವುದರಿಂದ ತೊಂದರೆಯಿಲ್ಲ. ಸಾಲು ಮುರಿಯುವ ರೂಟೀನಿನಲ್ಲಿ ಮಾತ್ರ ಎಚ್ಚರ ಬೇಕು: ಮೇಲಿನ ಎರಡು ಬಿಟ್‌ಗಳು 10 ಆಗಿರುವ ಬೈಟ್ ಹಿಂದಿನ ಅಕ್ಷರದ ಮುಂದುವರಿಕೆಯಾದ್ದರಿಂದ, ಅದನ್ನು ಎಣಿಕೆಗೆ ಹಿಡಿಯಬಾರದು, ಅದರ ಮುಂಚೆ ಸಾಲನ್ನು ಮುರಿಯಲೂಬಾರದು.