ಟ್ರೇಲರ್ ಎಳೆದೊಯ್ಯುವಾಗ ರಾತ್ರಿ ತಂಗಲು ಮೋಟೆಲ್: ನನ್ನ ಅನುಭವ

ಚಳಿಗಾಲದಲ್ಲಿ ಅಮೆರಿಕದ ಇಂಟರ್‌ಸ್ಟೇಟ್ 80 ಹೆದ್ದಾರಿಯಲ್ಲಿ ನೆಬ್ರಾಸ್ಕಾ, ವಯೋಮಿಂಗ್ ರಾಜ್ಯಗಳನ್ನು ದಾಟುವಾಗ, ನಮ್ಮ ಟ್ರಾವೆಲ್ ಟ್ರೇಲರಿನ (ಪಿಕಪ್ ಹಿಂದೆ ಎಳೆದೊಯ್ಯುವ, ಗಾಲಿಗಳ ಮೇಲಿನ ಮನೆಯ) ಕೊಳವೆಗಳು ಹೆಪ್ಪುಗಟ್ಟಿ ಒಡೆಯದಿರಲೆಂದು ನೀರನ್ನೆಲ್ಲ ಮೊದಲೇ ಬಸಿದಿರುವುದರಿಂದ, ಅದು ಜೊತೆಗಿದ್ದರೂ ಮಲಗಲು ಮೋಟೆಲ್ (ವಾಹನದಲ್ಲಿ ಬರುವವರು ತಂಗುವ ಹೋಟೆಲ್) ಬೇಕೇ ಬೇಕು. ಪಿಕಪ್ ಸೇರಿ ಸುಮಾರು 45 ಅಡಿ ಉದ್ದವಾಗುವ ನಮ್ಮ ಗಾಡಿಯ ಮಟ್ಟಿಗೆ, ಬುಕಿಂಗ್ ತಾಣಗಳ ‘ಉಚಿತ ಪಾರ್ಕಿಂಗ್’ ಎಂಬ ಮಾತು ಏನನ್ನೂ ಹೇಳುವುದಿಲ್ಲ.

ಪರಿಹಾರ ದೊರೆತದ್ದು ಗೂಗಲ್ ನಕ್ಷೆಯ ಉಪಗ್ರಹ ಚಿತ್ರದಲ್ಲಿ. ಊರೊಳಗಿನ ಮೋಟೆಲ್‌ಗಳನ್ನು ಬಿಟ್ಟು, ನಾರ್ತ್ ಪ್ಲಾಟ್, ಲಾರಮಿಯಂತಹ ಊರುಗಳಲ್ಲಿ ಹೆದ್ದಾರಿಯಿಂದ ಇಳಿಯುವಲ್ಲಿಯೇ, ಟ್ರಕ್ ಸ್ಟಾಪ್‌ಗಳ ಪಕ್ಕದಲ್ಲಿರುವವನ್ನು ಹುಡುಕಿ, ಆವರಣದಲ್ಲಿ ಉದ್ದನೆಯ ಟ್ರಕ್‌ಗಳು ನಿಂತಿವೆಯೇ, ಒಂದು ಕಡೆಯಿಂದ ಒಳಹೊಕ್ಕು ರಿವರ್ಸ್ ತೆಗೆಯದೆ ಇನ್ನೊಂದು ಕಡೆಯಿಂದ ಹೊರಬರಬಹುದೇ ಎಂದು ನೋಡತೊಡಗಿದೆ. (ಕತ್ತಲಲ್ಲಿ, ಗಾಳಿಯಲ್ಲಿ ಟ್ರೇಲರನ್ನು ಹಿಂದಕ್ಕೆ ತೆಗೆಯುವ ಕೆಲಸ ಹಗೆಯವರಿಗೂ ಬೇಡ.) ಅನಂತರ ಕೇಂದ್ರ ಬುಕಿಂಗ್ ಸಂಖ್ಯೆಗಲ್ಲ, ಆ ಮೋಟೆಲಿನ ಕೌಂಟರಿಗೇ ಕರೆ ಮಾಡಿ, ಒಟ್ಟು ಉದ್ದವನ್ನು ಅಡಿಗಳಲ್ಲಿ ತಿಳಿಸಿ, ಉದ್ದ ಗಾಡಿಗಳ ಜಾಗ ಸಂಜೆ ಎಷ್ಟು ಹೊತ್ತಿಗೆ ತುಂಬುತ್ತದೆಂದು ಕೇಳುತ್ತೇನೆ, ಕತ್ತಲಾದಂತೆ ಟ್ರಕ್‌ಗಳು ಬಂದು ಸೇರುವುದರಿಂದ ಈ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ.

ತಲುಪಿದ ಮೇಲೆ ಟ್ರೇಲರಿನ ಚಾವಣಿಯ ಎ.ಸಿ. ತಗಲದಂತೆ ಮೋಟೆಲ್ ಬಾಗಿಲ ಮುಂದಿನ ತಗ್ಗು ಮಾಡಿನಡಿ ಹೋಗದೆ, ಆವರಣದ ಅಂಚಿನಲ್ಲಿ ನಿಲ್ಲಿಸಿ, ಟ್ರೇಲರನ್ನು ಕಳಚದೆ, ಅದನ್ನು ಪಿಕಪ್‌ಗೆ ಜೋಡಿಸುವ ಹಿಚ್‌ಗೆ ಬೀಗ ಹಾಕುತ್ತೇನೆ.