ಫ್ಲ್ಯಾಂಜಿನ ಇಂಗಾಲದ ಲೆಕ್ಕ ಮೂರೂವರೆಯಿಂದ ಒಂದರೊಳಗೆ ಇಳಿದ ಬಗೆ: ನನ್ನ ಅನುಭವ

ಬೆಳಗಾವಿಯ ಉದ್ಯಮಬಾಗದ ನಮ್ಮ ಫೋರ್ಜಿಂಗ್ ಘಟಕದಿಂದ ಜರ್ಮನಿಗೆ ಹೋಗುವ ಫ್ಲ್ಯಾಂಜುಗಳು, ಅಂದರೆ ಪೈಪು ಜೋಡಿಸುವ ಉಕ್ಕಿನ ಬಳೆಗಳು, 7307 ಎಂಬ ಸುಂಕದ ಸಂಕೇತದಡಿ ಬರುವುದರಿಂದ, 2023ರ ಅಕ್ಟೋಬರಿನಲ್ಲಿ ಯುರೋಪಿನ ಗಡಿ ಇಂಗಾಲ ತೆರಿಗೆಯ, ಅಂದರೆ ಸಿಬಿಎಎಂನ, ವರದಿಗಳು ಶುರುವಾದ ಕೂಡಲೇ ಟನ್ ಮಾಲಿಗೆ ಎಷ್ಟು ಹೊಗೆ ಎಂದು ಕೇಳುವ ಖರೀದಿದಾರರ ಎಕ್ಸೆಲ್ ಹಾಳೆ ನಮ್ಮ ಮೇಜಿಗೆ ಬಂತು. ಇದೆಲ್ಲ ಕಾಗದದ ಕಾಟ, ಯುರೋಪೇ ಕೊಟ್ಟ ಸಿದ್ಧ, ಅಂದರೆ ಡಿಫಾಲ್ಟ್, ಅಂಕಿ ಹಾಕಿ ಸುಮ್ಮನಿರಿ ಎಂದು ಅಕ್ಕಪಕ್ಕದ ಘಟಕದವರು ಹೇಳಿದರು. ಮೂರು ತ್ರೈಮಾಸಿಕ ಹಾಗೆಯೇ ದಾಟಿತು. 2024ರ ಜುಲೈ ಕೊನೆಗೆ ಆ ಸವಲತ್ತು ಮುಗಿಯಿತು. ನಿಜವಾದ ಅಂಕಿ ಕೊಡದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಖರೀದಿದಾರರು ಬರೆದರು.

ನನ್ನ ಮೊದಲ ತಪ್ಪು ದುಬಾರಿಯದು. ಸುಮಾರು ಐವತ್ತು ಲಕ್ಷ ಸುರಿದು ಚಾವಣಿಯ ಮೇಲೆ ನೂರು ಕಿಲೋವ್ಯಾಟ್ ಸೋಲಾರ್ ಕೂರಿಸಿದೆ. ಬಿಲ್ಲೇನೋ ಇಳಿಯಿತು, ಆದರೆ 2026ರಿಂದ ಜಾರಿಯಾಗುವ ವ್ಯವಸ್ಥೆಯಲ್ಲಿ ಕಬ್ಬಿಣ ಮತ್ತು ಉಕ್ಕಿಗೆ ನೇರ ಹೊಗೆಯನ್ನಷ್ಟೇ ಎಣಿಸುತ್ತಾರೆ, ವಿದ್ಯುತ್ತಿನದನ್ನು ಎಣಿಸುವುದಿಲ್ಲ ಎಂಬುದು ನಿಯಮದ ಎರಡನೆಯ ಅನುಬಂಧ ಓದಿದ ಮೇಲೆ ತಿಳಿಯಿತು. ಆರು ಲಕ್ಷ ಕೇಳಿದ್ದ ಸಲಹೆಗಾರರೊಬ್ಬರೂ ಇದನ್ನು ಹೇಳಿರಲಿಲ್ಲ. ಅದೇ ಸಾಲನ್ನು ತಿರುಗಿಸಿ ಓದಿದಾಗ ದಾರಿ ಕಾಣಿಸಿತು: ಫರ್ನೇಸ್ ಆಯಿಲ್ ಕುಲುಮೆ ತೆಗೆದು ವಿದ್ಯುತ್ತಿನಿಂದ ಕಾಯಿಸುವ ಇಂಡಕ್ಷನ್ ಹೀಟರ್ ಹಾಕಿದರೆ ನಮ್ಮ ಅಂಗಳದ ಹೊಗೆ ಲೆಕ್ಕದಿಂದಲೇ ಮಾಯ. ಆ ವಿದ್ಯುತ್ತಿಗಾಗಿ ಕಲ್ಲಿದ್ದಲು ಬೇರೆಲ್ಲೋ ಉರಿಯುತ್ತಿದೆ ಎಂಬುದು ನನಗೂ ಗೊತ್ತು. ನಿಯಮ ಬರೆದವನು ನಾನಲ್ಲ. ಸೆಕೆಂಡ್ ಹ್ಯಾಂಡ್ ಹೀಟರಿಗೆ ಮೂವತ್ತೆಂಟು ಲಕ್ಷದಷ್ಟಾಯಿತು.

ಟನ್ನಿಗೆ ನೂರಾ ಮೂವತ್ತು ಲೀಟರ್ ಎಣ್ಣೆ ಉಳಿದರೂ ಇಳಿದದ್ದು 0.4 ಟನ್ ಇಂಗಾಲದ ಡೈಆಕ್ಸೈಡ್ ಮಾತ್ರ. ಉಳಿದದ್ದೆಲ್ಲ ನಾವು ಕೊಳ್ಳುವ ಬಿಲೆಟ್ಟಿನಲ್ಲಿಯೇ, ಅಂದರೆ ಕಚ್ಚಾ ಉಕ್ಕಿನ ಕಂಬಿಯಲ್ಲಿಯೇ, ಬರುತ್ತಿತ್ತು. ಅದಿರು ಕರಗಿಸುವ ಬ್ಲಾಸ್ಟ್ ಫರ್ನೇಸಿನ ಉಕ್ಕಿಗೆ ಟನ್ನಿಗೆ 2.4 ಟನ್ನಿನ ಸುಮಾರು, ಅದೂ ಒಂದು ಟನ್ ಮಾಲಿಗೆ 1.28 ಟನ್ ಬಿಲೆಟ್ ಬೇಕು, ಅಂಚಿನಿಂದ ಕತ್ತರಿಸಿ ಬಿಸಾಡುವ ಹೆಚ್ಚುವರಿ ಲೋಹದ, ಅಂದರೆ ಫ್ಲ್ಯಾಶಿನ, ಹೊಗೆಯೂ ನಮ್ಮ ತಲೆಗೇ. ಡೈ, ಅಂದರೆ ಅಚ್ಚು, ತಿದ್ದಿ ಬಿಲೆಟ್ಟಿನ ಬಳಕೆಯನ್ನು 1.19ಕ್ಕೆ ತಂದೆವು. ಆಮೇಲೆ ಸ್ಕ್ರ್ಯಾಪ್ ಕರಗಿಸುವ ಆರ್ಕ್ ಫರ್ನೇಸ್ ಮಿಲ್ಲೊಂದರಿಂದ 0.6ರ ಉಕ್ಕನ್ನು ಕೆಜಿಗೆ ಎರಡು ಮೂರು ರೂಪಾಯಿ ಹೆಚ್ಚು ಕೊಟ್ಟು ತರಿಸಿದೆ. ಮೊದಲ ಲಾಟಿನಲ್ಲಿಯೇ ಅಂಚುಗಳಲ್ಲಿ ಕೂದಲೆಳೆಯಂಥ ಸೀಳು ಬಿದ್ದು ಒಂಬತ್ತು ಟನ್ ರಿಜೆಕ್ಟ್ ಆಯಿತು. ಸ್ಕ್ರ್ಯಾಪಿನ ಜೊತೆ ಬಂದ ತಾಮ್ರದ ಕಿತಾಪತಿ ಅದು. ಈಗ ತಾಮ್ರ ಶೇಕಡಾ 0.20 ಮೀರಿದ ಹೀಟನ್ನು, ಅಂದರೆ ಒಂದೇ ಸಲ ಕರಗಿಸಿದ ಉಕ್ಕಿನ ಕಂತನ್ನು, ಇಳಿಸಿಕೊಳ್ಳುವುದಿಲ್ಲ. ಕಾಯಿಸುವ ಕ್ರಮದಲ್ಲಿಯೂ ಒಂದು ಬದಲಾವಣೆ ಮಾಡಿಕೊಂಡಿದ್ದೇನೆ, ಅದನ್ನು ಇಲ್ಲಿ ಬರೆಯಲಾರೆ.

ಹೀಟ್ ನಂಬರ್ ಬೆರೆತರೆ ಇಡೀ ಲೆಕ್ಕ ಹಾಳು. ಹಾಗಾಗಿ ಬಿಲೆಟ್ಟಿನ ತುದಿಗೆ ಬಣ್ಣ ಬಳಿಸಿದೆ: ಆರ್ಕ್ ಫರ್ನೇಸಿನದಕ್ಕೆ ಹಸಿರು, ಹಳೆಯ ದಾಸ್ತಾನಿಗೆ ಕೆಂಪು. ಒಂದು ರಾತ್ರಿ ಪಾಳಿಯ ಮೇಸ್ತ್ರಿ ಫೋನ್ ಮಾಡಿ, "ಸಾಹೇಬ್ರ, ಹಸಿರ ಬಣ್ಣ ಮುಗದೈತ್ರಿ, ಕೆಂಪ ಹಚ್ಚಿದ್ರ ನಡೀತೈತೇನ್ರಿ?" ಎಂದು ಕೇಳಿದ. ಆ ಫೋನ್ ಬಾರದೇ ಹೋಗಿದ್ದರೆ ಒಂದು ತಿಂಗಳ ದಾಖಲೆಯೇ ಹೋಗುತ್ತಿತ್ತು.

ನಡುವೆ ಗೋಡಂಬಿ ಸಿಪ್ಪೆಯ ಎಣ್ಣೆಯನ್ನೂ ಹಳೆಯ ಕುಲುಮೆಯಲ್ಲಿ ಉರಿಸಿ ನೋಡಿದೆ. ಮೂರೇ ದಿನಕ್ಕೆ ನಾಝಲ್ ಕಟ್ಟಿಕೊಂಡಿತು, ಹುಡುಗರ ಕಣ್ಣು ಉರಿಯಿತು, ಕೈಬಿಟ್ಟೆ.

ಟನ್ನಿಗೆ ಮೂರೂವರೆಯ ಹತ್ತಿರವಿದ್ದ ಅಂಕಿ ಈಗ ಮುಕ್ಕಾಲರ ಆಸುಪಾಸಿನಲ್ಲಿದೆ. 2026ರಲ್ಲಿ ತೆರಿಗೆಯ ಹೊರೆ ಎರಡೂವರೆ ಶೇಕಡಾ ಮಾತ್ರವಲ್ಲವೇ, ಪೂರ್ತಿ ಹೊರೆ ಬೀಳುವುದು 2034ಕ್ಕೆ ತಾನೇ ಎಂದು ಇನ್ನೂ ಕೆಲವರು ವಾದಿಸುತ್ತಾರೆ. ಆ ಎರಡೂವರೆ ಬೆಂಚ್‌ಮಾರ್ಕಿನ, ಅಂದರೆ ಆ ಮಾಲಿಗೆ ಯುರೋಪು ನಿಗದಿ ಮಾಡಿದ ಹೊಗೆಯ ಮಟ್ಟದ, ಒಳಗಿನ ಪಾಲಿಗೆ ಅನ್ವಯ. ಬೆಂಚ್‌ಮಾರ್ಕ್ ಮೀರಿದ ಹೊಗೆಗೆ ಮೊದಲ ವರ್ಷದಿಂದಲೇ ಪೂರ್ತಿ ದರ, ಅಂದರೆ ಟನ್ನಿಗೆ ಎಪ್ಪತ್ತು ಎಂಬತ್ತು ಯೂರೊ. ಈ ತೆರಿಗೆ ತೀರಿಸುವ ಪ್ರಮಾಣಪತ್ರ ಕೊಳ್ಳುವವರು ಖರೀದಿದಾರರೇ ಆದರೂ ಕೊನೆಗೆ ಆ ಹಣ ಕಡಿತವಾಗುವುದು ನಮ್ಮ ದರದಲ್ಲಿ. ನಮ್ಮ ಆರ್ಡರ್ ಉಳಿಯಿತು, ಸ್ವಲ್ಪ ಹೆಚ್ಚಿತು ಕೂಡ. ಅಂದು ಸುಮ್ಮನಿರಿ ಎಂದವರಲ್ಲಿ ಇಬ್ಬರು ಎಕ್ಸೆಲ್ ಹಾಳೆ ಹಿಡಿದುಕೊಂಡು ಬಂದು ಹೋದರು.

2026ರ ಅಂಕಿಗಳನ್ನು ಮಾನ್ಯತೆ ಪಡೆದ ಪರಿಶೀಲಕರು ಘಟಕಕ್ಕೇ ಬಂದು ನೋಡಬೇಕು. ಹಸಿರು ಬಣ್ಣದ ಎರಡು ಡಬ್ಬಿ ಹೆಚ್ಚಿಗೆ ತರಿಸಿಟ್ಟಿದ್ದೇನೆ.