ಮಗಳ ಬಾಯಲ್ಲಿ ‘ನೀನು’ ಇಲ್ಲ

ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನಡೆಯುವ ನನ್ನ ಕಾದಂಬರಿಗೆ ಆರು ವರ್ಷ ಹಿಡಿಯಿತು. ಅದರಲ್ಲಿ ನಾಲ್ಕು ವರ್ಷವನ್ನು ತಿಂದದ್ದು ಒಂದು ಸರ್ವನಾಮ.

ಎಚ್-1ಬಿ ಎಂಬ ಅಮೆರಿಕದ ಉದ್ಯೋಗ ವೀಸಾದ ಅಪ್ಪ, ಮೂರನೇ ವಯಸ್ಸಿನಲ್ಲಿ ಅವನೊಂದಿಗೆ ಬಂದ ಮಗಳು. ಕಾಯಂ ವಾಸದ ಗ್ರೀನ್ ಕಾರ್ಡ್ ಸರದಿ ಬರುವ ಮೊದಲೇ ಅವಳಿಗೆ 21 ತುಂಬುತ್ತದೆ. ಅಲ್ಲಿಗೆ ಅಪ್ಪನ ವೀಸಾಕ್ಕೆ ಅಂಟಿಕೊಂಡಿದ್ದ ಅವಳ ಎಚ್-4 ವೀಸಾ ಮುಗಿಯಿತು. ಆಡಿ ಬೆಳೆದ ಊರಿನಲ್ಲೇ ಇರಲು ಅವಳು ಬೇರೆ ವೀಸಾ ಹುಡುಕಬೇಕು. ಅಪ್ಪ ಕನ್ನಡದಲ್ಲಿ ಕೇಳುತ್ತಾನೆ, ಮಗಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಆ ಇಂಗ್ಲಿಷನ್ನು ಕನ್ನಡ ಕಾದಂಬರಿಯಲ್ಲಿ ಹೇಗೆ ಬರೆಯುವುದು?

ಮೊದಲ ಕರಡಿನಲ್ಲಿ ಇಂಗ್ಲಿಷ್ ವಾಕ್ಯಗಳನ್ನೇ ಕನ್ನಡ ಲಿಪಿಯಲ್ಲಿ ಹಾಕಿದೆ. ಮೈಸೂರಿನ ಅಕ್ಕ ನಲವತ್ತನೇ ಪುಟದಲ್ಲಿ ಓದು ನಿಲ್ಲಿಸಿದಳು. ಎರಡನೆಯದರಲ್ಲಿ ಎಲ್ಲವನ್ನೂ ಕನ್ನಡಕ್ಕೆ ತಂದೆ. ‘ನೀನು’ ಎಂದಾಗ ಮಗಳು ಒರಟಾದಳು, ‘ನೀವು’ ಎಂದಾಗ ಆ ಮನೆಯ ಸೊಸೆಯಂತಾದಳು. ಇಂಗ್ಲಿಷಿನ ‘ಯು’ ಇವೆರಡೂ ಅಲ್ಲ.

ಕೊನೆಗೆ ಅವಳ ಮಾತಿನಿಂದ ಮಧ್ಯಮ ಪುರುಷವನ್ನೇ, ಅಂದರೆ ನೀನು-ನೀವುಗಳನ್ನೇ, ಕಿತ್ತುಹಾಕಿದೆ. ಸರ್ವನಾಮ ಬಿಟ್ಟರೆ ಸಾಲದು, ಕ್ರಿಯಾಪದದ ಬಾಲ ಗುಟ್ಟು ಬಿಟ್ಟುಕೊಡುತ್ತದೆ. ‘ಯಾಕೆ ಹೇಳಿದೆ?’ ನಡೆಯುವುದಿಲ್ಲ, ‘ಯಾಕೆ ಹೇಳಲಿಲ್ಲ?’ ನಡೆಯುತ್ತದೆ. ‘ಬರಬೇಕಿತ್ತು’, ‘ಕೇಳಬಾರದಿತ್ತು’, ‘ಗೊತ್ತಿತ್ತಲ್ಲ’ ಇವೆಲ್ಲ ನಡೆಯುತ್ತವೆ. ಹೀಗೆ ಉಳಿದದ್ದು ಬರೀ ಬೇಕು, ಬೇಡ, ಇಲ್ಲ. ನಾನು ಎಷ್ಟು ತಿಣುಕಿದರೂ ಬಾರದಿದ್ದ ಅವಳ ಸಿಟ್ಟು ವ್ಯಾಕರಣದಿಂದಲೇ ಬಂತು! ಭವಿಷ್ಯತ್ಕಾಲವನ್ನು ನಿಭಾಯಿಸಿದ ಬಗೆಯನ್ನು ಮಾತ್ರ ಇಲ್ಲಿ ಬಿಡಿಸಿ ಹೇಳುವುದಿಲ್ಲ. ಮುಂದಿನ ಕಾದಂಬರಿಗೆ ಬೇಕು.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಗ್ರೀನ್ ಕಾರ್ಡ್ ಸರದಿ ಎಲ್ಲಿಗೆ ಬಂತೆಂದು ತಿಳಿಸಲು ತಿಂಗಳಿಗೊಮ್ಮೆ ಬರುವ ವೀಸಾ ಬುಲೆಟಿನ್‌ನಲ್ಲಿ ಸರದಿಯ ದಿನಾಂಕ ಕೆಲವೊಮ್ಮೆ ಹಿಂದಕ್ಕೆ ಹೋಗುತ್ತದೆ. ಅಧ್ಯಾಯಗಳನ್ನೂ ಹಾಗೆಯೇ ಹಿಂದೆ ಮುಂದೆ ಜೋಡಿಸಿದೆ. ಓದಿದವರೆಲ್ಲ ದಾರಿ ತಪ್ಪಿದರು. ಒಂದು ಅಧ್ಯಾಯ ಉಳಿಸಿಕೊಂಡು ಮಿಕ್ಕದ್ದನ್ನು ಬಿಚ್ಚಿದೆ. ಆರು ತಿಂಗಳು ಹೋಯಿತು.

ಮಗಳ ಮಾತಿನ ಉಪಾಯ ನೋಡಿ ‘ಓದುಗರಿಗೆ ಇದು ತಿಳಿಯುವುದೇ ಇಲ್ಲ’ ಎಂದರು ಒಬ್ಬ ಸಂಪಾದಕರು. ಇಬ್ಬರು ಪ್ರಕಾಶಕರು ಕೈಬಿಟ್ಟರು. ಕೈಯಿಂದ ತೊಂಬತ್ತು ಸಾವಿರ ರೂಪಾಯಿಯ ಆಸುಪಾಸು ಹಾಕಿ 500 ಪ್ರತಿ ಅಚ್ಚು ಮಾಡಿಸಿದೆ. ಐವತ್ತನ್ನು ಸೂಟ್‌ಕೇಸಿನಲ್ಲಿ ಅಮೆರಿಕಕ್ಕೆ ತಂದೆ; ಅಂಚೆಯಲ್ಲಿ ಕಳಿಸಿದ್ದರೆ ಪುಸ್ತಕದ ಬೆಲೆಯನ್ನೂ ಮೀರುತ್ತಿತ್ತು. ಈಗ ಮೂವತ್ತೋ ನಲವತ್ತೋ ಪ್ರತಿ ಉಳಿದಿವೆ.

ಕೊನೆಯ ಅಧ್ಯಾಯದಲ್ಲಿ ಮಗಳು ನ್ಯೂಆರ್ಕ್ ವಿಮಾನ ನಿಲ್ದಾಣದ ಬಾಗಿಲಲ್ಲಿ ತಿರುಗಿ ನಿಂತು ಕನ್ನಡದಲ್ಲಿ ಹೇಳುತ್ತಾಳೆ: ‘ನೀವು ಊಟ ಮಾಡಿ ಮಲಗಿ, ಅಪ್ಪಾ.’

ಅಕ್ಕ ಅದನ್ನು ಓದಿ ಅಲ್ಲಿನ ನಡುರಾತ್ರಿಯಲ್ಲಿ ಫೋನ್ ಮಾಡಿದಳು. ‘ಇಡೀ ಪುಸ್ತಕದಲ್ಲಿ ಅವಳು ಅಪ್ಪನನ್ನು ಏನೆಂದೂ ಕರೆದೇ ಇರಲಿಲ್ಲ ಅಲ್ಲವೇ?’